ಪಾರ್ಕಿನ್ಸನ್ ಇರುವವರ ಆರೈಕೆ: ಯಾವುದು ಮೊದಲು, ಯಾವುದು ಆಮೇಲೆ

ಮನೆಯಲ್ಲಿ ಒಬ್ಬರಿಗೆ ಪಾರ್ಕಿನ್ಸನ್, ಎಂದರೆ ಮೈಯ ಚಲನೆಯನ್ನು ನಿಧಾನಗೊಳಿಸುತ್ತ ಹೋಗುವ ಮೆದುಳಿನ ಕಾಯಿಲೆ, ಇದೆ ಎಂದು ತಿಳಿದ ಮೇಲೆ ಬಹುಪಾಲು ಕುಟುಂಬಗಳು ಒಂದೇ ಕಡೆ ಎಡವುತ್ತವೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಸ್ನಾನಕ್ಕೆ ಎಬ್ಬಿಸುತ್ತಾರೆ, ಆಮೇಲೆ ತಿಂಡಿ ಕೊಡುತ್ತಾರೆ, ತಿಂಡಿಯ ಜೊತೆಗೇ ಮಾತ್ರೆ ನುಂಗಿಸುತ್ತಾರೆ, ನಂತರ ನಡೆಯಿರಿ ಎನ್ನುತ್ತಾರೆ. ನಾಲ್ಕೂ ಒಳ್ಳೆಯ ಕೆಲಸಗಳೇ, ಆದರೆ ಕ್ರಮ ತಲೆಕೆಳಗಾಗಿದೆ. ಮಾತ್ರೆ ಮೊದಲು ಹೊಟ್ಟೆ ಸೇರಿ, ಅದರ ಶಕ್ತಿ ಮೈಗೆ ಬಂದ ಮೇಲೆ ಉಳಿದದ್ದು ನಡೆದಿದ್ದರೆ, ಅದೇ ಮನುಷ್ಯರು ಅದೇ ದಿನ ತಾವೇ ಎದ್ದು ಸ್ನಾನ ಮುಗಿಸಿ ಬರುವ ಸಾಧ್ಯತೆ ಹೆಚ್ಚು.

ನನ್ನ ಅಪ್ಪನ ವಿಷಯದಲ್ಲಿ ನಾವು ಈ ತಪ್ಪನ್ನು ಎರಡು ವರ್ಷ ಮಾಡಿದೆವು. ಆಮೇಲೆ ಒಂದೊಂದಾಗಿ ಸರಿಪಡಿಸಿಕೊಂಡೆವು. ಅದೇ ಕಾಯಿಲೆಯ ಮನೆಗಳವರು ನನ್ನನ್ನು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ: ಮಾತ್ರೆ ಕೊಡುತ್ತಿದ್ದೇವೆ, ಗುಣ ಕಾಣುತ್ತಿಲ್ಲ, ಬಾಗಿಲಲ್ಲಿ ನಿಂತುಬಿಡುತ್ತಾರೆ, ಎಳೆದರೂ ಬರುವುದಿಲ್ಲ, ಆಸ್ಪತ್ರೆಗೆ ಹೋಗಿಬಂದ ಮೇಲೆ ಮೊದಲಿನಂತಿಲ್ಲ. ನಾನು ವೈದ್ಯನಲ್ಲ. ಯಾವ ಮಾತ್ರೆ, ಎಷ್ಟು ಎಂಬುದನ್ನು ನಿಮ್ಮ ನರರೋಗ ತಜ್ಞರೇ ನಿರ್ಧರಿಸಬೇಕು. ಅವರು ಬರೆದುಕೊಟ್ಟದ್ದು ಮನೆಯಲ್ಲಿ ನಿಜವಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನದು.

ಮೊದಲು ಒಟ್ಟುಮಾಡಬೇಕಾದ ಸಾಮಾನು

ಒಂದು ಸಣ್ಣ ನೋಟ್‌ಬುಕ್, ಅಲಾರಂ ಮತ್ತು ಕ್ಯಾಮೆರಾ ಇರುವ ಮೊಬೈಲ್, ಹೊತ್ತಿಗೊಂದು ಖಾನೆ ಇರುವ ಮಾತ್ರೆ ಡಬ್ಬಿ, ರಕ್ತದೊತ್ತಡ ಅಳೆಯುವ ಯಂತ್ರ, ನೆಲಕ್ಕೆ ಅಂಟಿಸುವ ಗಾಢ ಬಣ್ಣದ ಟೇಪು, ಎರಡೂ ಕಡೆ ಕೈಗಳಿರುವ ಅಲುಗಾಡದ ಕುರ್ಚಿ, ಸ್ನಾನದ ಮನೆಯ ಗೋಡೆಗೆ ಗಟ್ಟಿಯಾದ ಹಿಡಿಕೆ. ಆರಂಭಕ್ಕೆ ಇಷ್ಟು ಸಾಕು.

ವಾಕರ್ ಕೊಳ್ಳಲು ಆತುರ ಬೇಡ. ಎತ್ತಿ ಇಡಬೇಕಾದ, ಚಕ್ರವಿಲ್ಲದ ವಾಕರ್ ಕೆಲವರ ನಡಿಗೆಯ ಲಯವನ್ನೇ ಮುರಿದು ಇನ್ನಷ್ಟು ತಡೆಯುತ್ತದೆ. ಫಿಸಿಯೊಥೆರಪಿಸ್ಟ್ ನಡಿಗೆ ನೋಡಿ ಹೇಳಿದ ಮೇಲೆ ಕೊಂಡರಾಯಿತು.

ಹಂತ 1: ನೋಡಿ, ಬರೆದಿಡಿ, ಚಿತ್ರೀಕರಿಸಿ

ಪಾರ್ಕಿನ್ಸನ್ ಎಂದರೆ ಕೈ ನಡುಕ ಎಂದು ಎಲ್ಲರೂ ತಿಳಿದಿದ್ದಾರೆ. ಈ ತಿಳಿವಳಿಕೆಯಿಂದಲೇ ಬಹಳ ತಡವಾಗುತ್ತದೆ. ನಡುಕವೇ ಇಲ್ಲದೆ ಶುರುವಾಗುವವರು ಎಷ್ಟೋ ಮಂದಿ ಇದ್ದಾರೆ. ಈ ಕಾಯಿಲೆಯ ಮುಖ್ಯ ಗುರುತು ನಿಧಾನ. ಅಂಗಿಯ ಗುಂಡಿ ಹಾಕಲು ಮೊದಲಿನ ಮೂರರಷ್ಟು ಹೊತ್ತು, ನಡೆಯುವಾಗ ಒಂದೇ ಕೈ ಬೀಸದೆ ಮೈಗಂಟಿಕೊಂಡಿರುವುದು, ಸಾಲಿನ ಕೊನೆಗೆ ಹೋಗುತ್ತ ಇರುವೆಯಷ್ಟು ಚಿಕ್ಕದಾಗುವ ಅಕ್ಷರ, ಕುಗ್ಗಿದ ದನಿ, ಭಾವ ಕಾಣದ ಮುಖ. ಸಾಮಾನ್ಯವಾಗಿ ಇವೆಲ್ಲ ದೇಹದ ಒಂದು ಪಾರ್ಶ್ವದಲ್ಲಿ ಮೊದಲು ಕಾಣಿಸುತ್ತವೆ.

ಅಪ್ಪನಿಗೆ ಮೊದಲು ಬಂದದ್ದು ಬಲ ಭುಜದ ನೋವು. ಎಂಟು ತಿಂಗಳು ಭುಜಕ್ಕೇ ಚಿಕಿತ್ಸೆ ನಡೆಯಿತು. ಆ ಅವಧಿಯಲ್ಲಿ ಅವರ ಸಹಿ ಕುಗ್ಗುತ್ತಿತ್ತು, ಬಲಗಾಲಿನ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಬರುತ್ತಿತ್ತು. ನಾವೆಲ್ಲರೂ ಕೇಳಿಸಿಕೊಂಡೆವು, ಯಾರೂ ಒಂದಕ್ಕೊಂದು ಜೋಡಿಸಿ ನೋಡಲಿಲ್ಲ.

ಇನ್ನು ಕೆಲವು ಸೂಚನೆಗಳು ಕೈಕಾಲಿನ ತೊಂದರೆಗಿಂತ ವರ್ಷಗಟ್ಟಲೆ ಮೊದಲೇ ಬರಬಹುದು: ವಾಸನೆ ತಿಳಿಯದಿರುವುದು, ಬಿಡದ ಮಲಬದ್ಧತೆ, ಕನಸಿನಲ್ಲಿ ಕೂಗುತ್ತ ಕೈಕಾಲು ಬಡಿಯುವುದು, ಕಾರಣವಿಲ್ಲದ ಖಿನ್ನತೆ. ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಪಾರ್ಕಿನ್ಸನ್ ಎಂದು ಹೆದರಬೇಕಾಗಿಲ್ಲ. ಎರಡು ಮೂರು ಕೂಡಿ, ಜೊತೆಗೆ ನಿಧಾನವೂ ಸೇರಿದ್ದರೆ ತೋರಿಸಲೇಬೇಕು.

ನಡುಕವಿದ್ದರೆ ಅದು ಯಾವಾಗ ಬರುತ್ತದೆ ಎಂದು ಗಮನಿಸಿ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕೈ ಸುಮ್ಮನೆ ತೊಡೆಯ ಮೇಲಿರುವಾಗ ಬರುತ್ತದೆ, ಏನನ್ನಾದರೂ ಹಿಡಿಯಲು ಹೋದಾಗ ಕಡಿಮೆಯಾಗುತ್ತದೆ. ಲೋಟ ಎತ್ತುವಾಗ, ಬರೆಯುವಾಗ ಎರಡೂ ಕೈ ನಡುಗಿ, ಸುಮ್ಮನಿದ್ದಾಗ ನಿಲ್ಲುವುದಾದರೆ ಅದು ಬೇರೆ ಬಗೆಯ ನಡುಕವಿರಬಹುದು. ಅದರ ಔಷಧವೂ ಬೇರೆ.

ಮೊಬೈಲಿನಲ್ಲಿ ಮೂರು ತುಣುಕು ಚಿತ್ರೀಕರಿಸಿ. ಒಂದು, ಕುರ್ಚಿಯಲ್ಲಿ ಕುಳಿತು ಕೈಗಳನ್ನು ತೊಡೆಯ ಮೇಲಿಟ್ಟು ನೂರರಿಂದ ಹಿಂದಕ್ಕೆ ಎಣಿಸುವುದು. ಮನಸ್ಸು ಎಣಿಕೆಯಲ್ಲಿದ್ದಾಗ ಅಡಗಿದ್ದ ನಡುಕ ಹೊರಬರುತ್ತದೆ. ಎರಡು, ಹೆಬ್ಬೆರಳು ಮತ್ತು ತೋರುಬೆರಳನ್ನು ಹತ್ತು ಸಲ ಅಗಲವಾಗಿ, ವೇಗವಾಗಿ ತಟ್ಟುವುದು, ಒಂದೊಂದು ಕೈಯಲ್ಲಿ. ಮೂರು, ಕುರ್ಚಿಯಿಂದ ಎದ್ದು, ನಡೆದು, ತಿರುಗಿ ಬಂದು ಕೂರುವುದು. ಪ್ರತಿ ತಿಂಗಳು ಒಂದೇ ವಾಕ್ಯವನ್ನು ಅವರ ಕೈಯಿಂದ ಬರೆಸಿ ಕೆಳಗೆ ದಿನಾಂಕ ಹಾಕಿಡಿ. ಆ ಹಾಳೆ ಹೇಳುವಷ್ಟನ್ನು ನಮ್ಮ ನೆನಪು ಹೇಳಲಾರದು.

ಹಂತ 2: ವೈದ್ಯರ ಮುಂದೆ ಕುಳಿತಾಗ

ರಕ್ತ ಪರೀಕ್ಷೆಯಲ್ಲಿ ಪಾರ್ಕಿನ್ಸನ್ ಇದೆ, ಇಲ್ಲ ಎಂದು ಬರೆದು ಬರುವುದಿಲ್ಲ. ತಜ್ಞರು ಕೈಕಾಲು ಆಡಿಸಿ, ನಡಿಗೆ ನೋಡಿ, ಕಥೆ ಕೇಳಿ ನಿರ್ಧರಿಸುತ್ತಾರೆ. ಎಂಆರ್‌ಐ ಮಾಡಿಸುವುದು ಬೇರೆ ಕಾರಣಗಳನ್ನು ತಳ್ಳಿಹಾಕುವುದಕ್ಕೆ. ಅದು ಸರಿಯಾಗಿದೆ ಎಂದು ಬಂದರೆ ಕಾಯಿಲೆಯೇ ಇಲ್ಲ ಎಂದು ಮನೆಗೆ ಮರಳುವವರನ್ನು ನೋಡಿದ್ದೇನೆ. ಆ ಅರ್ಥ ತೆಗೆದುಕೊಳ್ಳಬೇಡಿ.

ಭೇಟಿಗೆ ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ, ವಾಂತಿಗೆ, ತಲೆಸುತ್ತಿಗೆ, ನಿದ್ರೆಗೆ ಎಂದು ಆಗಾಗ ತೆಗೆದುಕೊಳ್ಳುವವೂ ಸೇರಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜೀನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ತಲೆಸುತ್ತಿಗೆ ಕೊಡುವ ಸಿನ್ನರಿಜೀನ್, ಮೈಗ್ರೇನ್‌ಗೂ ಕೊಡುವ ಫ್ಲುನರಿಜೀನ್ ಇಂಥವು ಪಾರ್ಕಿನ್ಸನ್‌ನಂಥದೇ ಲಕ್ಷಣಗಳನ್ನು ತಾವೇ ತರಬಲ್ಲವು, ಇದ್ದ ಕಾಯಿಲೆಯನ್ನು ಹೆಚ್ಚಿಸಬಲ್ಲವು.

ಕೆಳಗಿನವು ಇದ್ದರೆ ವೈದ್ಯರು ಕೇಳದಿದ್ದರೂ ನೀವೇ ಹೇಳಿ: ಮೊದಲ ವರ್ಷದಲ್ಲೇ ಪದೇ ಪದೇ ಬೀಳುವುದು, ಎರಡೂ ಪಾರ್ಶ್ವಗಳಲ್ಲಿ ಒಟ್ಟಿಗೆ ಶುರುವಾದದ್ದು, ಕಣ್ಣನ್ನು ಕೆಳಗೆ ಹೊರಳಿಸಲು ಆಗದಿರುವುದು, ಆರಂಭದಲ್ಲೇ ತೀವ್ರ ಮರೆವು. ಇವು ಪಾರ್ಕಿನ್ಸನ್ ಅನ್ನು ಹೋಲುವ ಬೇರೆ ಕಾಯಿಲೆಗಳ ಸುಳಿವಾಗಿರಬಹುದು.

ಮಾತ್ರೆ ಬೇಗ ಶುರು ಮಾಡಿದರೆ ಅದರ ಶಕ್ತಿ ಬೇಗ ಮುಗಿದುಹೋಗುತ್ತದೆ, ಆದ್ದರಿಂದ ಆದಷ್ಟು ದಿನ ತಡೆದುಕೊಳ್ಳೋಣ ಎಂದುಕೊಳ್ಳುವವರು ಬಹಳ. ಇದು ತಪ್ಪು. ಈ ಕಾಯಿಲೆಯ ಮುಖ್ಯ ಔಷಧವಾದ ಲೆವೊಡೊಪಾವನ್ನು ತಡಮಾಡಿ ಶುರು ಮಾಡಿದರೆ ಕಾಯಿಲೆ ನಿಧಾನವಾಗುವುದಿಲ್ಲ. ಚೆನ್ನಾಗಿ ಕಳೆಯಬಹುದಾಗಿದ್ದ ತಿಂಗಳುಗಳು ಮಾತ್ರ ಕಳೆದುಹೋಗುತ್ತವೆ.

ಹಂತ 3: ಗಡಿಯಾರ

ಇಡೀ ಆರೈಕೆಯಲ್ಲಿ ಒಂದೇ ಒಂದನ್ನು ಸರಿಪಡಿಸಲು ನಿಮಗೆ ಶಕ್ತಿ ಇದ್ದರೆ ಇದನ್ನು ಸರಿಪಡಿಸಿ.

ಮೆದುಳಿನಲ್ಲಿ ಡೋಪಮೈನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತ ಹೋಗುವುದು ಈ ಕಾಯಿಲೆಯ ಮೂಲ. ಲೆವೊಡೊಪಾ ಮೆದುಳು ಸೇರಿ ಡೋಪಮೈನ್ ಆಗಿ ಬದಲಾಗುತ್ತದೆ. ಆದರೆ ರಕ್ತದಲ್ಲಿ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೆದುಳು ಸೇರುವ ಮೊದಲೇ ಅದು ಒಡೆಯದಂತೆ ತಡೆಯುವ ಕಾರ್ಬಿಡೊಪಾ ಜೊತೆಗಿದ್ದರೂ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆರಂಭದ ವರ್ಷಗಳಲ್ಲಿ ಉಳಿದ ಕೋಶಗಳು ಅದನ್ನು ಕೂಡಿಟ್ಟು ಸ್ವಲ್ಪ ಸ್ವಲ್ಪವೇ ಕೊಡುತ್ತವೆ, ಹೊತ್ತು ತಪ್ಪಿದರೂ ಗೊತ್ತಾಗುವುದಿಲ್ಲ. ಕೋಶಗಳು ಕಡಿಮೆಯಾದಂತೆ ಕೂಡಿಡುವವರೇ ಇರುವುದಿಲ್ಲ. ಆಗ ಅರ್ಧ ಗಂಟೆ ತಡವಾದರೂ ಮನುಷ್ಯರು ಕುರ್ಚಿಗೆ ಕಚ್ಚಿಕೊಂಡುಬಿಡುತ್ತಾರೆ. ದಿನಕ್ಕೆ ಮೂರು ಸಲ ಎಂಬ ಲೆಕ್ಕ ಇಲ್ಲಿ ಸಾಲದು. 6, 10, 2, 6 ಎಂದು ಗಂಟೆ ಬರೆದಿದ್ದರೆ ಅದೇ ಗಂಟೆಗೆ ಕೊಡಬೇಕು.

1. ಪ್ರತಿ ಹೊತ್ತಿಗೂ ಮೊಬೈಲಿನಲ್ಲಿ ಅಲಾರಂ ಇಡಿ. ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ.

2. ಬೆಳಗಿನ ಮೊದಲ ಮಾತ್ರೆ ಮತ್ತು ನೀರನ್ನು ಹಿಂದಿನ ರಾತ್ರಿಯೇ ಹಾಸಿಗೆಯ ಪಕ್ಕದಲ್ಲಿಡಿ. ಮಾತ್ರೆ ಕೊಟ್ಟು ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಆಮೇಲೆ ಎಬ್ಬಿಸಿ.

3. ಕನಿಷ್ಠ ಮೂರು ದಿನ ಗಂಟೆಗೊಂದು ಗುರುತು ಹಾಕಿ: ಚೆನ್ನಾಗಿ ಓಡಾಡುತ್ತಿದ್ದರು, ಬಿಗಿದುಕೊಂಡಿದ್ದರು, ಬೇಡದ ಅಲುಗಾಟವಿತ್ತು, ನಿದ್ರೆಯಲ್ಲಿದ್ದರು. ಪಕ್ಕದಲ್ಲಿ ಮಾತ್ರೆ ಮತ್ತು ಊಟದ ಹೊತ್ತು ಬರೆಯಿರಿ. ಕುಳಿತ ಕೆಲವೇ ನಿಮಿಷಗಳಲ್ಲಿ ವೈದ್ಯರಿಗೆ ಕಾಣದ್ದನ್ನು ಈ ಹಾಳೆ ಕಾಣಿಸುತ್ತದೆ.

4. ಮುಂದಿನ ಮಾತ್ರೆಗೆ ಇನ್ನೂ ಒಂದು ಗಂಟೆ ಇರುವಾಗಲೇ ನಡುಕ, ಬಿಗಿತ, ಚಡಪಡಿಕೆ ಮರಳುತ್ತಿದ್ದರೆ ಅದನ್ನು ಬರೆದು ತಜ್ಞರಿಗೆ ತೋರಿಸಿ. ಪ್ರಮಾಣ, ಅಂತರ, ಜೊತೆ ಮಾತ್ರೆ ಬದಲಿಸಲು ದಾರಿಗಳಿವೆ.

ಇಲ್ಲಿ ಮೂರು ತಪ್ಪುಗಳನ್ನು ಮತ್ತೆ ಮತ್ತೆ ಕಾಣುತ್ತೇನೆ. ಮೊದಲನೆಯದು, ಬೇಡದ ಅಲುಗಾಟವನ್ನು ಕಾಯಿಲೆ ಹೆಚ್ಚಾದದ್ದೆಂದು ತಿಳಿಯುವುದು. ಕುತ್ತಿಗೆ, ಭುಜ, ಸೊಂಟ ತೊನೆದಾಡಿದಂತೆ ಹೊರಳುವುದು ಎಷ್ಟೋ ಸಲ ಮಾತ್ರೆಯ ಪರಿಣಾಮ ತುದಿಗೇರಿದಾಗ ಬರುತ್ತದೆ. ಕಾಯಿಲೆ ಹೆಚ್ಚಾಯಿತೆಂದು ಇನ್ನೊಂದು ಮಾತ್ರೆ ಕೊಟ್ಟರೆ ಅಲುಗಾಟ ಇನ್ನೂ ಹೆಚ್ಚುತ್ತದೆ. ಎರಡನೆಯದು, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿ ಕೊಡುವುದು. ಹಲವು ಗಂಟೆಗಳಿಗೆ ಹಂಚಬೇಕಾದದ್ದು ಒಂದೇ ಸಲಕ್ಕೆ ಮೈಗೆ ಹೋಗುತ್ತದೆ. ನುಂಗಲು ಕಷ್ಟವಾದರೆ ಬೇರೆ ರೂಪದ ಔಷಧ ಕೇಳಿ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ಮಾತ್ರೆಯನ್ನು ಹಠಾತ್ತನೆ ನಿಲ್ಲಿಸುವುದು. ಬೇರೆ ಪದ್ಧತಿಯ ಔಷಧ ಶುರು ಮಾಡಿದೆವು, ಮಾತ್ರೆ ಮುಗಿದಿತ್ತು, ಉಪವಾಸವಿತ್ತು, ಕಾರಣ ಯಾವುದೇ ಇರಲಿ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ವಿಪರೀತ ಜ್ವರ, ಮರದಂತೆ ಮೈ ಬಿಗಿತ, ಗೊಂದಲ ಬಂದು ಜೀವಕ್ಕೇ ಕುತ್ತಾಗಬಹುದು. ಹಾಗಾದರೆ ಮನೆಯಲ್ಲಿ ಕಾಯದೆ ತುರ್ತು ಚಿಕಿತ್ಸೆಗೆ ಒಯ್ಯಿರಿ. ಮನೆಯಲ್ಲಿ ಯಾವಾಗಲೂ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಲಿ.

ಡೋಪಮೈನಿನಂತೆಯೇ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳನ್ನು ಕೊಟ್ಟಿದ್ದರೆ ಸ್ವಭಾವದ ಮೇಲೂ ಒಂದು ಕಣ್ಣಿಡಿ. ಜೂಜು, ಮಿತಿಯಿಲ್ಲದ ಖರೀದಿ, ಅತಿಯಾಗಿ ತಿನ್ನುವುದು, ಲೈಂಗಿಕ ಆಸಕ್ತಿ ಇದ್ದಕ್ಕಿದ್ದಂತೆ ಕೆರಳುವುದು ಇವು ಆ ಔಷಧಗಳ ತಿಳಿದಿರುವ ಅಡ್ಡಪರಿಣಾಮಗಳು. ನಾಚಿಕೆಯಿಂದ ಮುಚ್ಚಿಟ್ಟ ಮನೆಗಳಲ್ಲಿ ಸಾಲ ಬೆಳೆದಿದೆ, ಸಂಸಾರ ಮುರಿದಿದೆ. ಗುಣ ಕೆಟ್ಟಿತೆಂದು ಬೈಯುವ ಮೊದಲು ವೈದ್ಯರಿಗೆ ಹೇಳಿ. ಕುಳಿತಲ್ಲೇ ನಿದ್ರೆ ಎಳೆಯುತ್ತಿದ್ದರೆ ವಾಹನ ಓಡಿಸುವುದನ್ನು ಅಂದೇ ನಿಲ್ಲಿಸಿ.

ಹಂತ 4: ಊಟ, ಹೊಟ್ಟೆ, ರಕ್ತದೊತ್ತಡ

ಲೆವೊಡೊಪಾ ಮತ್ತು ಪ್ರೋಟೀನಿನ ಅಂಶಗಳು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಒಂದೇ ಬಾಗಿಲಿನಿಂದ ಹೋಗಬೇಕು. ಎರಡೂ ಒಟ್ಟಿಗೆ ಬಂದರೆ ನೂಕುನುಗ್ಗಲು, ಔಷಧ ಹಿಂದೆ ಉಳಿಯುತ್ತದೆ. ಆದ್ದರಿಂದ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ. ಹಾಲಿನ ಜೊತೆ ಮಾತ್ರೆ ಬೇಡ, ನೀರೇ ಸಾಕು. ಮೊದಲ ವಾರಗಳಲ್ಲಿ ವಾಕರಿಕೆ ಬಂದರೆ ಪ್ರೋಟೀನ್ ಕಡಿಮೆ ಇರುವ ಏನನ್ನಾದರೂ ಸ್ವಲ್ಪ ತಿಂದು ನುಂಗಬಹುದು. ಕಬ್ಬಿಣದ ಮಾತ್ರೆ ಇದ್ದರೆ ಲೆವೊಡೊಪಾದಿಂದ ಎರಡು ಗಂಟೆ ದೂರವಿಡಿ.

ಇದನ್ನು ಕೇಳಿ ಪ್ರೋಟೀನನ್ನೇ ಬಿಟ್ಟುಬಿಡುವವರಿದ್ದಾರೆ. ಹಾಗೆ ಮಾಡಿದರೆ ಸ್ನಾಯು ಕರಗುತ್ತದೆ, ತೂಕ ಇಳಿಯುತ್ತದೆ, ಬೀಳುವುದು ಹೆಚ್ಚುತ್ತದೆ. ಹಗಲಿನಲ್ಲಿ ತೊಂದರೆ ಕಾಣುವವರು ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಸರಿಸಬಹುದೇ ಎಂದು ವೈದ್ಯರನ್ನು ಕೇಳಬಹುದು.

ಮಲಬದ್ಧತೆಯನ್ನು ಸಣ್ಣ ವಿಷಯವೆಂದು ತಳ್ಳಬೇಡಿ. ಕರುಳು ನಿಧಾನವಾದರೆ ಮಾತ್ರೆಯ ಪ್ರಯಾಣವೂ ನಿಧಾನ. ನೀರು, ನಾರು, ನಡಿಗೆ ಇವು ಸಾಲದಿದ್ದರೆ ಔಷಧ ಕೇಳಿ.

ತಲೆಸುತ್ತು ಎಂದರೆ ರಕ್ತದೊತ್ತಡವನ್ನು ಎರಡು ಸಲ ಅಳೆಯಿರಿ: ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಮತ್ತೊಮ್ಮೆ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಹಿಂದಿನಿಂದ ನುಂಗುತ್ತಿರುವ ರಕ್ತದೊತ್ತಡದ ಮಾತ್ರೆ ಈಗ ಹೆಚ್ಚಾಗಿರಬಹುದು. ಕುಳಿತು ಮಾತ್ರ ಅಳೆದರೆ ಇದು ಎಂದಿಗೂ ಗೊತ್ತಾಗುವುದಿಲ್ಲ.

ಹಂತ 5: ಏಳುವುದು, ನಡೆಯುವುದು, ತಿರುಗುವುದು

ಬಚ್ಚಲುಮನೆಯ ಬಾಗಿಲು. ಅಪ್ಪ ಹೊಸ್ತಿಲ ಮುಂದೆ ನಿಂತಿದ್ದಾರೆ. ಹಿಮ್ಮಡಿ ಮೇಲೆದ್ದಿದೆ, ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿದಿವೆ, ಮೊಣಕಾಲು ಸಣ್ಣಗೆ ಅದುರುತ್ತಿದೆ. ಮೈ ಮುಂದಕ್ಕೆ ವಾಲಿದೆ, ಪಾದ ಅಂಟಿಕೊಂಡಿದೆ. ನಾನು ಹಿಂದಿನಿಂದ "ಬೇಗ ಬನ್ನಿ ಅಪ್ಪ" ಎನ್ನುತ್ತೇನೆ. ಅದುರುವಿಕೆ ಹೆಚ್ಚುತ್ತದೆ. ಕೈ ಹಿಡಿದು ಎಳೆಯುತ್ತೇನೆ. ಮೈ ಬರುತ್ತದೆ, ಪಾದ ಬರುವುದಿಲ್ಲ. ಇಬ್ಬರೂ ಬೀಳುತ್ತೇವೆ.

ಅಂದು ಮುರಿದದ್ದು ಅವರ ಮಣಿಕಟ್ಟು. ಆಮೇಲೆ ಕಲಿತದ್ದು ಇದು. ಪಾದ ಹಾಗೆ ಹೆಪ್ಪುಗಟ್ಟಿದಾಗ ಎಳೆಯಬಾರದು, ತಳ್ಳಬಾರದು, ಅವಸರಿಸಬಾರದು.

1. ನಿಲ್ಲಲು ಹೇಳಿ. ಮುಂದೆ ಹೋಗುವ ಪ್ರಯತ್ನವನ್ನೇ ಬಿಡಲಿ. ಹಿಮ್ಮಡಿ ನೆಲಕ್ಕೆ ತಾಗಲಿ, ಒಂದು ಉಸಿರು ಎಳೆದು ಬಿಡಲಿ.

2. ತೂಕವನ್ನು ಎಡಗಾಲಿಗೆ, ಬಲಗಾಲಿಗೆ ಎಂದು ಎರಡು ಮೂರು ಸಲ ತೂಗಲಿ.

3. ದಾಟಲು ಒಂದು ಗುರುತು ಕೊಡಿ. ನೆಲದ ಮೇಲಿನ ಟೇಪಿನ ಗೆರೆ, ಟೈಲ್ಸ್‌ನ ಅಂಚು, ಏನಾದರೂ ಆಗುತ್ತದೆ.

4. "ಒಂದು, ಎರಡು, ಮೂರು" ಎಂದು ಎಣಿಸಿ, ಮೂರಕ್ಕೆ ಆ ಗೆರೆಯ ಆಚೆ ದೊಡ್ಡ ಹೆಜ್ಜೆ.

ತಾನಾಗಿ ನಡೆಯುವ ಅಭ್ಯಾಸದ ದಾರಿ ಮೆದುಳಿನಲ್ಲಿ ಕೆಟ್ಟಿದೆ. ಕಣ್ಣಿಗೆ ಕಾಣುವ ಗೆರೆ, ಕಿವಿಗೆ ಕೇಳುವ ಲಯ ಸಿಕ್ಕಿದರೆ ಮೆದುಳು ಬೇರೆ ದಾರಿ ಹಿಡಿಯುತ್ತದೆ. ನಾವು ಬಚ್ಚಲುಮನೆಯ ಬಾಗಿಲಿನ ಮುಂದೆ ಹಳದಿ ಟೇಪಿನ ನಾಲ್ಕು ಗೆರೆಗಳನ್ನು ಅವರ ಒಳ್ಳೆಯ ಹೊತ್ತಿನ ಹೆಜ್ಜೆಯ ಅಂತರಕ್ಕೆ ಅಂಟಿಸಿದೆವು. ಮರುದಿನ ಅವರು ಆ ನಾಲ್ಕು ಗೆರೆ ದಾಟಿ ಒಳಗೆ ಹೋದರು. ಅಮ್ಮ ಅಲ್ಲೇ ಬಾಗಿಲ ಪಕ್ಕದಲ್ಲಿ ಕುಳಿತು ಅತ್ತಳು.

ಕುರ್ಚಿಯಿಂದ ಏಳಿಸುವಾಗಲೂ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಅವರು ಕುರ್ಚಿಯ ಅಂಚಿಗೆ ಸರಿಯಲಿ, ಪಾದಗಳನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆದುಕೊಳ್ಳಲಿ, ಮೂಗು ಕಾಲ್ಬೆರಳುಗಳ ಮೇಲೆ ಬರುವಷ್ಟು ಮುಂದೆ ಬಾಗಲಿ, ಕುರ್ಚಿಯ ಕೈಗಳನ್ನು ಒತ್ತಿ ಏಳಲಿ. ಮುಂದೆ ಬಾಗದೆ ಏಳಲು ಹೋಗಿ ಹಿಂದಕ್ಕೆ ಕುಸಿಯುವುದೇ ಹೆಚ್ಚು. ನೀವು ಪಕ್ಕದಲ್ಲಿ ನಿಂತು ಒಂದೊಂದೇ ಮಾತು ಹೇಳಿ. ಎದ್ದ ಮೇಲೆ ನಡೆಯುವ ಮುನ್ನ ಸ್ವಲ್ಪ ನಿಲ್ಲಲಿ, ರಕ್ತದೊತ್ತಡ ಹೊಂದಿಕೊಳ್ಳಲಿ.

ತಿರುಗುವಾಗ ಬೀಳುವವರು ಬಹಳ. ನಿಂತಲ್ಲೇ ಪಾದ ತಿರುಚಿ ತಿರುಗಬಾರದು, ಬಸ್ಸು ತಿರುಗಿದಂತೆ ದೊಡ್ಡ ಸುತ್ತು ಹಾಕಿ ತಿರುಗಬೇಕು. ನಡೆಯುವಾಗ ಮಾತನಾಡಿಸಬೇಡಿ, ಎರಡೂ ಕೈಯಲ್ಲಿ ಸಾಮಾನು ಕೊಡಬೇಡಿ. ನಡಿಗೆಗೆ ಈಗ ಇಡೀ ಗಮನ ಬೇಕು. ಸಡಿಲವಾಗಿ ಹಾಸಿದ ಚಾಪೆ, ವೈರು, ಎತ್ತರ ತಗ್ಗಾದ ಕಾಲೊರಸು ಇವತ್ತೇ ತೆಗೆಯಿರಿ. ರಾತ್ರಿ ಹಾಸಿಗೆಯಿಂದ ಬಚ್ಚಲವರೆಗೆ ಬೆಳಕಿರಲಿ.

ಬಿದ್ದರೆ ಕೂಡಲೇ ಎತ್ತಬೇಡಿ. ನೋವು ಎಲ್ಲಿ, ತಲೆಗೆ ಪೆಟ್ಟಾಯಿತೇ ಎಂದು ಕೇಳಿ. ಸೊಂಟದಲ್ಲಿ ತೀವ್ರ ನೋವಿದ್ದು ಕಾಲು ಎತ್ತಲಾಗದಿದ್ದರೆ ಅಲುಗಾಡಿಸದೆ ಆಂಬುಲೆನ್ಸ್ ಕರೆಯಿರಿ.

ವ್ಯಾಯಾಮ ಬಿಡುವಂತಿಲ್ಲ. ವಾರಕ್ಕೆ 150 ನಿಮಿಷದ ಗುರಿ ಇಟ್ಟುಕೊಳ್ಳಿ: ಉಸಿರು ಸ್ವಲ್ಪ ಏರುವ ನಡಿಗೆ, ಸ್ನಾಯು ಬಲ, ಸಮತೋಲನ, ಮೈ ಹಿಗ್ಗಿಸುವುದು, ಎಲ್ಲವೂ ಬೆರೆತು. ಹೊತ್ತು ಮಾತ್ರ ಮಾತ್ರೆ ಕೆಲಸ ಮಾಡುತ್ತಿರುವಾಗಲೇ ಇರಲಿ. ಬಿಗಿದ ಮೈಯನ್ನು ಬಲವಂತದಿಂದ ಆಡಿಸಿದರೆ ಮರುದಿನ ಅವರು ವ್ಯಾಯಾಮದ ಹೆಸರೆತ್ತಿದರೇ ಮುಖ ತಿರುಗಿಸುತ್ತಾರೆ.

ಹಂತ 6: ನುಂಗುವುದು ಮತ್ತು ಮಾತು

ಗಂಟಲಿನ ಸ್ನಾಯುಗಳೂ ನಿಧಾನವಾಗುತ್ತವೆ. ಆಹಾರ ಶ್ವಾಸಕೋಶದ ಕಡೆ ಜಾರಿ ನ್ಯುಮೋನಿಯಾ ಆಗುವುದು ಈ ಕಾಯಿಲೆಯಲ್ಲಿ ಸಾವಿಗೆ ಒಂದು ಮುಖ್ಯ ಕಾರಣ. ಊಟದ ನಡುವೆ ಕೆಮ್ಮು, ನುಂಗಿದ ಮೇಲೆ ದನಿ ನೀರು ತುಂಬಿದಂತೆ ಕೇಳುವುದು, ಕಾರಣವಿಲ್ಲದೆ ಮರಳಿ ಮರಳಿ ಬರುವ ಜ್ವರ, ಊಟಕ್ಕೆ ತಗಲುವ ಸಮಯ ದುಪ್ಪಟ್ಟಾಗುವುದು ಕಂಡರೆ ವಾಕ್ ಚಿಕಿತ್ಸಕರಿಗೆ ತೋರಿಸಿ. ನುಂಗುವಿಕೆಯನ್ನು ಪರೀಕ್ಷಿಸುವವರೂ ಅವರೇ.

ಮಲಗಿಸಿ ಅಥವಾ ಒರಗಿಸಿ ತಿನ್ನಿಸಬೇಡಿ. ನೇರವಾಗಿ ಕೂರಿಸಿ, ಸಣ್ಣ ತುತ್ತು ಕೊಡಿ, ಒಂದು ನುಂಗಿದ ಮೇಲೆ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಮಲಗಬಾರದು. ಟಿವಿ ಆರಿಸಿ.

ತಮ್ಮ ದನಿ ಕುಗ್ಗಿರುವುದು ಅವರಿಗೆ ತಿಳಿಯುವುದಿಲ್ಲ. ಅವರ ಕಿವಿಗೆ ಸರಿಯಾಗಿಯೇ ಕೇಳುತ್ತಿರುತ್ತದೆ, ನಮಗೇ ಕಿವಿ ಮಂದವಾಗಿದೆ ಎಂದು ಅವರು ಅಂದುಕೊಳ್ಳುತ್ತಾರೆ. "ಜೋರಾಗಿ ಹೇಳಿ" ಎಂಬ ಒಂದೇ ಸೂಚನೆಯ ಮೇಲೆ ನಿಂತ ತರಬೇತಿ ಬಹಳ ಮಂದಿಗೆ ನೆರವಾಗುತ್ತದೆ. ಮನೆಯಲ್ಲಿ ಅವರ ಮಾತನ್ನು ನಾವೇ ಮುಗಿಸುವ ಚಾಳಿ ಬಿಡಬೇಕು. ಹತ್ತು ಸೆಕೆಂಡು ಕಾಯಿರಿ, ಮಾತು ಬರುತ್ತದೆ.

ಹಂತ 7: ಮನಸ್ಸು ಮತ್ತು ರಾತ್ರಿ

ಖಿನ್ನತೆ, ಆತಂಕ ಈ ಕಾಯಿಲೆಯ ಒಳಗಿನವೇ. ಮೆದುಳಿನ ಅದೇ ಬದಲಾವಣೆಗಳಿಂದಲೂ ಬರುತ್ತವೆ, ಚಿಕಿತ್ಸೆಗೂ ಬಗ್ಗುತ್ತವೆ. ಧೈರ್ಯ ಹೇಳಿದರೆ ಸರಿಹೋಗುತ್ತಾರೆ ಎಂದು ವರ್ಷ ಕಳೆಯಬೇಡಿ.

ಇಲ್ಲದ ಮಗು, ಇಲ್ಲದ ಬೆಕ್ಕು ಕಾಣುತ್ತದೆ ಎಂದರೆ ವಾದಿಸಬೇಡಿ, ನಗಬೇಡಿ. ನಿಮಗೆ ಕಾಣುತ್ತಿದೆ, ನನಗೆ ಕಾಣುತ್ತಿಲ್ಲ, ಏನೂ ಭಯವಿಲ್ಲ ಎಂದು ಹೇಳಿ ದೀಪ ಹಾಕಿ. ನಂತರ ತಜ್ಞರಿಗೆ ತಿಳಿಸಿ. ಮಾತ್ರೆಗಳು, ಅದರಲ್ಲೂ ಹಿರಿಯರಿಗೆ ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥವು, ಕಾರಣವಾಗಿರಬಹುದು.

ನೆನಪಿಡಬೇಕಾದ ಎಚ್ಚರಿಕೆ ಇದು: ಪಾರ್ಕಿನ್ಸನ್ ಒಂದೇ ರಾತ್ರಿಯಲ್ಲಿ ಹೆಚ್ಚಾಗುವುದಿಲ್ಲ. ನಿನ್ನೆ ನಡೆಯುತ್ತಿದ್ದವರು ಇಂದು ಏಳಲಾರದೆ ಏನೇನೋ ಮಾತನಾಡುತ್ತಿದ್ದರೆ ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ತಲೆಗೆ ಬಿದ್ದ ಪೆಟ್ಟು, ತಪ್ಪಿದ ಮಾತ್ರೆ ಇವುಗಳನ್ನು ಮೊದಲು ಹುಡುಕಬೇಕು. ಕಾಯಿಲೆ ಬಲಿತಿದೆ, ಏನು ಮಾಡುವುದು ಎಂದು ಕೈಚೆಲ್ಲಬೇಡಿ.

ಹಂತ 8: ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿದಾಗ

ಮಣಿಕಟ್ಟು ಮುರಿದಾಗ ಅಪ್ಪನನ್ನು ಸೇರಿಸಿದ ಆಸ್ಪತ್ರೆಯಲ್ಲಿ ಮಾತ್ರೆಗಳು ವಾರ್ಡಿನ ಹೊತ್ತಿಗೆ ಬರುತ್ತಿದ್ದವು. 6 ಗಂಟೆಯದು 9ಕ್ಕೆ, 10 ಗಂಟೆಯದು 1ಕ್ಕೆ. ಮೂರನೆಯ ದಿನ ಅವರು ಹಾಸಿಗೆಯಲ್ಲಿ ಹೊರಳಲಾರದವರಾದರು. ವಾಂತಿ ಬಂದದ್ದಕ್ಕೆ ಮೆಟೊಕ್ಲೊಪ್ರಮೈಡ್ ಚುಚ್ಚುಮದ್ದು ಕೊಟ್ಟರು. ಆ ಹೆಸರು ಅಪಾಯದ್ದು ಎಂದು ನನಗೆ ಅಂದು ತಿಳಿದಿರಲಿಲ್ಲ.

ಸೇರಿಸಿದ ಮೊದಲ ಗಂಟೆಯಲ್ಲೇ ಮೂರು ವಿಷಯ ಹೇಳಿ, ಲಿಖಿತವಾಗಿಯೂ ಕೊಡಿ. ಮಾತ್ರೆಗಳ ಹೆಸರು, ಪ್ರಮಾಣ, ಗಂಟೆ. ಕೊಡಬಾರದ ಔಷಧಗಳು: ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜೀನ್, ಹ್ಯಾಲೊಪೆರಿಡಾಲ್. ಪಾರ್ಕಿನ್ಸನ್‌ಗೇ ಕೊಡುವ ಸೆಲೆಜಿಲಿನ್ ಅಥವಾ ರಸಜಿಲಿನ್ ತೆಗೆದುಕೊಳ್ಳುತ್ತಿದ್ದರೆ ನೋವಿಗೆ ಕೊಡುವ ಪೆಥಿಡಿನ್, ಟ್ರಮಡಾಲ್, ಕೆಮ್ಮಿನ ಔಷಧಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್ ಕೂಡ. ಲಕ್ಷಣಗಳನ್ನು ತಗ್ಗಿಸಲು ಮೆದುಳಿಗೆ ಸಣ್ಣ ವಿದ್ಯುತ್ ಕೊಡುವ ಉದ್ದೀಪಕ ಸಾಧನ ಅಳವಡಿಸಿದ್ದರೆ ಎಂಆರ್‌ಐಗೆ ಮೊದಲೇ ಅದನ್ನೂ ತಿಳಿಸಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವೆಂದರೆ ಪಾರ್ಕಿನ್ಸನ್ ಮಾತ್ರೆಯನ್ನು ಹೇಗೆ ಮುಂದುವರಿಸುವುದು ಎಂದು ಅರಿವಳಿಕೆ ತಜ್ಞರನ್ನು ಬಾಯಿಬಿಟ್ಟು ಕೇಳಿ. ಸ್ವಂತ ಮಾತ್ರೆಗಳನ್ನು ಡಬ್ಬಿಯ ಸಮೇತ ಒಯ್ಯಿರಿ.

ಹಂತ 9: ಸುತ್ತಲಿನವರಿಗೆ ತಿಳಿಸುವುದು

ಜಾಗೃತಿ ಎಂದರೆ ದೊಡ್ಡ ಸಭೆಯೇ ಆಗಬೇಕೆಂದಿಲ್ಲ. ಆದರೆ ಇಲ್ಲೂ ಕ್ರಮವಿದೆ: ಮೊದಲು ಕಾಯಿಲೆ ಇರುವವರ ಒಪ್ಪಿಗೆ. ಯಾರಿಗೆ, ಎಷ್ಟು ಹೇಳಬೇಕೆಂಬುದು ಅವರ ಹಕ್ಕು. ಕೇಳದೆ ಬಂಧುಗಳಿಗೆಲ್ಲ ಹೇಳಿಬಿಟ್ಟ ಮನೆಗಳಲ್ಲಿ ಅವರು ಹೊರಗೆ ಬರುವುದನ್ನೇ ನಿಲ್ಲಿಸಿದ್ದಾರೆ.

ಒಪ್ಪಿದ ಮೇಲೆ ಕಾಯಿಲೆಯ ಹೆಸರಿಗಿಂತ, ಎದುರಿನವರು ಏನು ಮಾಡಬೇಕೆಂಬುದನ್ನು ಹೇಳಿ. ಮುಖ ಗಂಟಿಕ್ಕಿದಂತೆ ಕಂಡರೆ ಸಿಟ್ಟಿಲ್ಲ, ಮುಖದ ಸ್ನಾಯು ನಿಧಾನ. ಕೈ ನಡುಗುವುದನ್ನು ದಿಟ್ಟಿಸಿದರೆ ನಡುಕ ಹೆಚ್ಚುತ್ತದೆ. ತೂರಾಡುತ್ತಿದ್ದರೆ ಕುಡಿದಿದ್ದಾರೆಂದು ತೀರ್ಮಾನಿಸಬೇಡಿ. ಉತ್ತರಕ್ಕೆ ಕಾಯಿರಿ. ಬೆಳಿಗ್ಗೆ ಓಡಾಡಿದವರು ಮಧ್ಯಾಹ್ನ ಏಳಲಾರದಿದ್ದರೆ ಅದು ನಾಟಕವಲ್ಲ, ಮಾತ್ರೆಯ ಶಕ್ತಿ ಇಳಿದಿದೆ. ಇದು ಅಂಟುವ ಕಾಯಿಲೆಯಲ್ಲ. ಮೊಮ್ಮಕ್ಕಳಿಗೂ ಇಷ್ಟನ್ನೇ ಹೇಳಿದರೆ ಸಾಕು. ಅಜ್ಜನ ನಗು ಕಣ್ಣಲ್ಲಿದೆ ಎಂದು ತೋರಿಸಿಕೊಟ್ಟರೆ ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಗುಂಪಿನಲ್ಲಿ ಮಾತನಾಡುವ ಅವಕಾಶ ಸಿಕ್ಕರೆ, ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ, ಅಂದು ಜನ ಕಿವಿಗೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಇತ್ತು. ಮುದುಕರಿಗೆ ಮಾತ್ರ ಬರುವುದೆಂಬ ನಂಬಿಕೆಗೆ ಉತ್ತರವಾಗಿ ನಟ ಮೈಕೆಲ್ ಜೆ. ಫಾಕ್ಸ್ ಅವರ ಹೆಸರು ಹೇಳಬಹುದು. ಅವರಿಗೆ 1991ರಲ್ಲಿ ರೋಗ ಗೊತ್ತಾದಾಗ ವಯಸ್ಸು 29. ಭಾಷಣಕ್ಕಿಂತ ಒಂದು ಪ್ರಯೋಗ ಹೆಚ್ಚು ಮುಟ್ಟುತ್ತದೆ: ದಪ್ಪ ಕೈಗವಸು ಹಾಕಿಕೊಂಡು ಅಂಗಿಯ ಗುಂಡಿ ಹಾಕಲು ಹೇಳಿ, ಪಕ್ಕದಲ್ಲಿ ಒಬ್ಬರು "ಬೇಗ, ಬೇಗ" ಎನ್ನುತ್ತಿರಲಿ.

ನೋಡಿಕೊಳ್ಳುವವರಿಗೂ ವಾರದಲ್ಲಿ ಕೆಲವು ಗಂಟೆ ಬಿಡುವು ಬೇಕು. ಯಾರಾದರೂ ಸಹಾಯ ಮಾಡಲೇ ಎಂದು ಕೇಳಿದರೆ ಏನೂ ಬೇಡ ಎನ್ನಬೇಡಿ. ಇಂಥ ದಿನ ಸಂಜೆ 4ರಿಂದ 7ರವರೆಗೆ ಬಂದು ಜೊತೆಯಲ್ಲಿ ಕೂರಿ, 6ಕ್ಕೆ ಈ ಮಾತ್ರೆ ಕೊಡಿ ಎಂದು ನಿಖರವಾಗಿ ಹೇಳಿ.

ಕೊನೆಯದಾಗಿ ಜೇಬಿಗೊಂದು ಚೀಟಿ. "ನನಗೆ ಪಾರ್ಕಿನ್ಸನ್ ಇದೆ. ನಿಧಾನವಾಗಿ ಮಾತನಾಡುತ್ತೇನೆ, ಸ್ವಲ್ಪ ಕಾಯಿರಿ. ನಿಂತುಬಿಟ್ಟರೆ ಎಳೆಯಬೇಡಿ" ಎಂದು ಮೇಲೆ, ಮಾತ್ರೆಗಳು ಮತ್ತು ಗಂಟೆಗಳು ನಡುವೆ, ಕೊಡಬಾರದ ಔಷಧಗಳೂ ಮನೆಯವರ ಫೋನ್ ಸಂಖ್ಯೆಯೂ ಕೆಳಗೆ. ಒಂದು ಅವರ ಜೇಬಿನಲ್ಲಿ, ಒಂದು ಮನೆಯ ಬಾಗಿಲ ಹಿಂದೆ, ಒಂದು ನಿಮ್ಮ ಮೊಬೈಲಿನಲ್ಲಿ ಚಿತ್ರವಾಗಿ. ಮೇಲ್ತುದಿಯಲ್ಲಿ ದಿನಾಂಕ ಹಾಕಿ, ಮಾತ್ರೆ ಬದಲಾದ ದಿನವೇ ಹೊಸದನ್ನು ಬರೆದು ಹಳೆಯ ಮೂರನ್ನೂ ತೆಗೆದುಹಾಕಿ.